ಗ್ರಾಹಕರ ಮಾಹಿತಿ ನಿಮ್ಮ ಬಳಿ ಇದೆಯೇ? ಇಲ್ಲಿಂದ ಶುರು ಮಾಡಿ

ಗ್ರಾಹಕರ ಹೆಸರು, ಫೋನ್ ನಂಬರ್, ವಿಳಾಸವನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಂಡರೆ ಅದನ್ನು ಕಾಯುವ ಹೊಣೆಯೂ ನಿಮ್ಮದೇ. ಇದು ದೊಡ್ಡ ಕಂಪನಿಗಳ ತಲೆನೋವು ಎಂದು ಕೈ ತೊಳೆದುಕೊಳ್ಳಲು ಆಗುವುದಿಲ್ಲ. ಇಬ್ಬರೇ ನಡೆಸುವ ವ್ಯಾಪಾರಕ್ಕೂ ಇದು ಅನ್ವಯಿಸುತ್ತದೆ.

1. ಪಟ್ಟಿ ಮಾಡಿ

ಯಾರ ಮಾಹಿತಿ, ಯಾವುದು, ಎಲ್ಲಿದೆ ಎಂದು ಬರೆದುಕೊಳ್ಳಿ. ಬಿಲ್ಲಿಂಗ್ ಸಾಫ್ಟ್‌ವೇರ್ ಎಲ್ಲರಿಗೂ ನೆನಪಾಗುತ್ತದೆ. ಅಪಾಯ ಇರುವುದು ಬೇರೆ ಕಡೆ. ಯಾವುದೋ ವರದಿಗೆಂದು ಇಳಿಸಿಕೊಂಡ ಎಕ್ಸೆಲ್ ಫೈಲು ಡೌನ್‌ಲೋಡ್ ಫೋಲ್ಡರಿನಲ್ಲಿ ಹಾಗೇ ಬಿದ್ದಿರುತ್ತದೆ. ಹೆಸರು 'ಫೈನಲ್ 2'. ಒಳಗೆ ಎಲ್ಲ ಗ್ರಾಹಕರ ನಂಬರ್, ಹುಟ್ಟಿದ ದಿನಾಂಕ. ಅದೇ ಫೈಲು ಇಮೇಲಿನಲ್ಲಿ ನಾಲ್ಕು ಜನಕ್ಕೆ ಹೋಗಿರುತ್ತದೆ, ಅವರಲ್ಲೊಬ್ಬರು ಕೆಲಸ ಬಿಟ್ಟು ಯಾವ ಕಾಲವೋ ಆಗಿರುತ್ತದೆ! ಗುರುತಿನ ಚೀಟಿಯ ಫೋಟೊಗಳು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ. ಇವೆಲ್ಲ ಪಟ್ಟಿಗೆ ಬರಬೇಕು.

2. ಬೇಡದ್ದನ್ನು ಅಳಿಸಿ

ಪ್ರತಿ ಸಾಲಿನ ಮುಂದೆ 'ಇದು ಯಾಕೆ ಬೇಕು?' ಎಂದು ಕೇಳಿ. 'ಇರಲಿ, ಮುಂದೆ ಬೇಕಾಗಬಹುದು' ಎಂಬುದು ಉತ್ತರವಲ್ಲ. ನಿಮ್ಮ ಬಳಿ ಇಲ್ಲದ ಮಾಹಿತಿಯನ್ನು ಯಾರೂ ಕದಿಯಲಾರರು. ಲೆಕ್ಕಪತ್ರದಂತಹವನ್ನು ಎಷ್ಟು ವರ್ಷ ಇಡಬೇಕು ಎಂದು ಕಾನೂನೇ ಹೇಳಿರುತ್ತದೆ, ಅವನ್ನು ಮಾತ್ರ ಮುಟ್ಟಬೇಡಿ.

3. ಒಪ್ಪಿಗೆಯನ್ನು ನೇರವಾಗಿ ಕೇಳಿ

ಮೊದಲೇ ಟಿಕ್ ಹಾಕಿಟ್ಟ ಚೌಕ ಒಪ್ಪಿಗೆಯಲ್ಲ ಎಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2019ರಲ್ಲೇ ಹೇಳಿದೆ. ಡೆಲಿವರಿಗೆಂದು ಪಡೆದ ನಂಬರಿಗೆ ಸುಮ್ನೆ ಜಾಹೀರಾತು ಕಳಿಸುವುದೂ ತಪ್ಪೇ ಅಲ್ವಾ?

4. ಬಾಗಿಲು ಭದ್ರ ಮಾಡಿ

ಒಬ್ಬೊಬ್ಬರಿಗೂ ಬೇರೆ ಬೇರೆ ಲಾಗಿನ್ ಕೊಡಿ. ಪಾಸ್‌ವರ್ಡ್ ಜೊತೆಗೆ ಒಟಿಪಿಯೂ ಇರಲಿ. ಅಪ್‌ಡೇಟ್ ಬಂದರೆ ನಾಳೆಗೆ ತಳ್ಳಬೇಡಿ. 2017ರಲ್ಲಿ ಜನರ ಸಾಲದ ದಾಖಲೆ ಇಡುವ ಅಮೆರಿಕದ ಈಕ್ವಿಫ್ಯಾಕ್ಸ್ ಕಂಪನಿಯಿಂದ ಸುಮಾರು 14.7 ಕೋಟಿ ಜನರ ಮಾಹಿತಿ ಸೋರಿತು. ಕಳ್ಳರು ನುಗ್ಗಿದ ದೋಷಕ್ಕೆ ಅಷ್ಟರಲ್ಲಾಗಲೇ ಅಪ್‌ಡೇಟ್ ಬಂದಿತ್ತು, ಹಾಕಿರಲಿಲ್ಲ ಅಷ್ಟೆ. ಹೊರಗಿನ ಗುತ್ತಿಗೆದಾರರಿಗೆ ಕೊಟ್ಟ ಲಾಗಿನ್‌ಗಳನ್ನೂ ನೋಡಿ. 2013ರಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಗಳ ಸುಮಾರು 4 ಕೋಟಿ ಕಾರ್ಡುಗಳ ವಿವರ ಕಳುವಾದಾಗ, ಕಳ್ಳರು ಬಂದದ್ದು ಎ.ಸಿ., ಫ್ರಿಜ್ ಕೆಲಸದ ಗುತ್ತಿಗೆದಾರರ ಲಾಗಿನ್ ಹಿಡಿದು.

5. ಯಂತ್ರದ ತೀರ್ಮಾನವನ್ನು ಕಣ್ಣುಮುಚ್ಚಿ ನಂಬಬೇಡಿ

ಕೆಲಸಕ್ಕೆ ಬಂದ ಅರ್ಜಿ ಸೋಸಲು ಸಾಫ್ಟ್‌ವೇರ್ ಬಳಸುತ್ತಿದ್ದರೆ ಅದು ತಿರಸ್ಕರಿಸಿದ ಕೆಲವನ್ನು ನೀವೇ ತೆರೆದು ಓದಿ. ಅಮೆಜಾನ್ ಇಂಥದ್ದೊಂದನ್ನು ಪ್ರಯೋಗಿಸಿ ಕೈಬಿಟ್ಟಿತೆಂಬ ಸುದ್ದಿ 2018ರಲ್ಲಿ ಬಂತು. ಹೆಚ್ಚಾಗಿ ಗಂಡಸರದ್ದೇ ಆಗಿದ್ದ ಹಳೆಯ ಅರ್ಜಿಗಳಿಂದ ಕಲಿತ ಆ ಯಂತ್ರ, ಹೆಂಗಸರ ಅರ್ಜಿಗಳಿಗೆ ಕಡಿಮೆ ಅಂಕ ಕೊಡುತ್ತಿತ್ತಂತೆ. ಯಾರಿಗೂ ಕೆಟ್ಟ ಉದ್ದೇಶ ಇರಬೇಕಿರಲಿಲ್ಲ, ಹಳೆಯ ರೂಢಿಯೇ ಸಾಕಾಯಿತು.

ಕೆಲಸಗಾರರ ಕಂಪ್ಯೂಟರ್ ಮೇಲೆ ಕಣ್ಣಿಡುವುದಾದರೆ ಏನು ನೋಡುತ್ತೀರಿ, ಯಾಕೆ ಎಂದು ಮೊದಲೇ ಹೇಳಿ. ಕದ್ದು ನೋಡುವುದು ಹಲವು ಕಡೆ ಕಾನೂನಿಗೂ ವಿರುದ್ಧ.

6. ಸೋರಿದ ದಿನಕ್ಕೆ ತಯಾರಿರಿ

ಜನರ ಮಾಹಿತಿ ಕಾಯುವ ಯುರೋಪಿನ ಜಿಡಿಪಿಆರ್ ನಿಯಮದಲ್ಲಿ, ಸೋರಿಕೆ ಗೊತ್ತಾದ 72 ಗಂಟೆಯೊಳಗೆ ಸಾಮಾನ್ಯವಾಗಿ ಅಧಿಕಾರಿಗಳಿಗೆ ತಿಳಿಸಬೇಕು. ನಿಮಗೆ ಅನ್ವಯಿಸುವ ಗಡುವು ಎಷ್ಟೆಂದು ಈಗಲೇ ಕೇಳಿಟ್ಟುಕೊಳ್ಳಿ. ಯಾರಿಗೆ ಫೋನ್ ಮಾಡಬೇಕು, ಯಾವ ಕಂಪ್ಯೂಟರಿನ ನೆಟ್ ಮೊದಲು ತೆಗೆಯಬೇಕು, ಗ್ರಾಹಕರಿಗೆ ಯಾರು ಹೇಳಬೇಕು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಬರೆದದ್ದನ್ನು ಪ್ರಿಂಟ್ ತೆಗೆದಿಡಿ. ಕಳ್ಳರು ಕಂಪ್ಯೂಟರುಗಳಿಗೆ ಬೀಗ ಹಾಕಿದ ದಿನ ಒಳಗಿರುವ ಫೈಲು ಸಿಗುವುದಿಲ್ಲ.