ಮಣ್ಣು, ಮರ, ಜೋಕಾಲಿ: ಮಕ್ಕಳ ಆಟದ ಜಾಗ ನೋಡಿಕೊಳ್ಳುವುದು ಹೇಗೆ

ನಮ್ಮ ಬೀದಿಯ ಕೊನೆಯಲ್ಲಿ ಒಂದು ಮಾವಿನ ಮರ ಇದೆ, ಅದರ ಕೆಳಗೆ ಮರಳು ಗುಂಡಿ, ನಾಲ್ಕು ದಿಮ್ಮಿ, ಒಂದು ಹಗ್ಗದ ಜೋಕಾಲಿ. ಮಕ್ಕಳಿಗೆ ಇಷ್ಟು ಸಾಕು. ಆದರೆ ಯಾವುದೋ ಮಗು ಮಂಡಿ ತರಚಿಕೊಂಡರೆ ಸಾಕು, ಎಲ್ಲಾ ಕಿತ್ತು ಸಿಮೆಂಟ್ ಹಾಕಿಸಿ ಅನ್ನುವವರು ಬರುತ್ತಾರೆ. ದಯವಿಟ್ಟು ಹಾಕಿಸಬೇಡಿ. ಮರ ಎತ್ತರ ಇದೆ ಅಂತ ಮಗುವಿಗೆ ಕಾಣುತ್ತದೆ, ಹೆದರಿಕೊಂಡು ನಿಧಾನವಾಗಿ ಹತ್ತುತ್ತದೆ. ಕೊಂಬೆ ಒಳಗೆ ಟೊಳ್ಳಾಗಿರುವುದು ಮಾತ್ರ ಅದಕ್ಕೆ ಕಾಣುವುದಿಲ್ಲ. ಅದನ್ನು ನೋಡಬೇಕಾದವರು ನಾವು.

ವಾರಕ್ಕೊಮ್ಮೆ, ಮಕ್ಕಳು ಬರುವ ಮೊದಲು, ಅರ್ಧ ಗಂಟೆ ಕೊಡಿ. ಮೊದಲು ಹಗ್ಗ. ಕೆಳಗೆ ನಿಂತು ನೋಡಿದರೆ ಏನೂ ಗೊತ್ತಾಗುವುದಿಲ್ಲ, ಏಣಿ ಹಾಕಿ ಅದು ಕೊಂಬೆಗೆ ಉಜ್ಜುವ ಜಾಗವನ್ನೇ ನೋಡಬೇಕು, ಸವೆಯುವುದು ಅಲ್ಲೇ. ನೈಲಾನ್ ಹಗ್ಗ ಬಿಸಿಲಿಗೆ ಒಣಗಿ ಬೆರಳಿಗೆ ಪುಡಿ ಹತ್ತಿದರೆ ಅವತ್ತೇ ಬದಲಾಯಿಸಿ. ಕೊಂಬೆಗೆ ಹಳೇ ಸೈಕಲ್ ಟ್ಯೂಬ್ ಸುತ್ತಿ ಅದರ ಮೇಲೆ ಕಟ್ಟಿದರೆ ಹಗ್ಗವೂ ಬಾಳುತ್ತದೆ, ತೊಗಟೆಯೂ ಉಳಿಯುತ್ತದೆ. ನುಗ್ಗೆ ಮರಕ್ಕೆ ಜೋಕಾಲಿ ಬೇಡವೇ ಬೇಡ, ಕೊಂಬೆ ಲಟಕ್ಕನೆ ಮುರಿಯುತ್ತದೆ, ಕಂಬಳಿಹುಳದ ಕಾಟ ಬೇರೆ.

ದಿಮ್ಮಿಗಳನ್ನು ನೆಲಕ್ಕೆ ತಾಗುವ ಕಡೆ ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಕಳೆದ ಮಳೆಗಾಲ ಮುಗಿದ ಮೇಲೆ ನಾನು ಹಾಗೆ ಚುಚ್ಚಿದಾಗ ಒಂದು ದಿಮ್ಮಿ ಮೇಲೆ ಕಲ್ಲಿನ ಹಾಗಿತ್ತು, ಬುಡದಲ್ಲಿ ಕಳಿತ ಪಪ್ಪಾಯಿಗೆ ಚುಚ್ಚಿದ ಹಾಗೆ ಇಳಿದುಹೋಯಿತು, ಒಳಗೆಲ್ಲಾ ಗೆದ್ದಲು. ಹಿಂದಿನ ದಿನ ಸಂಜೆಯಷ್ಟೇ ಅದರ ಮೇಲೆ ಮೂರು ಮಕ್ಕಳು ಕುಣಿದಿದ್ದರು.

ಜೋಕಾಲಿ ಕೆಳಗೆ ಕಾಲು ಉಜ್ಜಿ ಉಜ್ಜಿ ಮರಳು ಪಕ್ಕಕ್ಕೆ ಸರಿದಿರುತ್ತದೆ, ಎಳೆದು ಮತ್ತೆ ಒಂದು ಅಡಿ ದಪ್ಪ ಮಾಡಿ. ರಾತ್ರಿ ಗುಂಡಿಗೆ ಟಾರ್ಪಾಲು ಮುಚ್ಚಿ, ಇಲ್ಲದಿದ್ದರೆ ಬೆಕ್ಕುಗಳು ಗಲೀಜು ಮಾಡುತ್ತವೆ. ಬೆಳಿಗ್ಗೆ ಆ ಟಾರ್ಪಾಲನ್ನು ದೊಡ್ಡವರೇ ತೆಗೆಯಬೇಕು, ಅದೂ ಕೋಲಿನಿಂದ. ಚೇಳು ಅಡಗಿರುವುದು ಅಂಥ ಕಡೆಯೇ.

ನೀರಾಟದ ಟಬ್ಬನ್ನು ಆಟ ಮುಗಿದ ತಕ್ಷಣ ಬೋರಲು ಹಾಕಿ. ಸೊಳ್ಳೆ ಒಂದು ಕಾರಣ. ಅದಕ್ಕಿಂತ ದೊಡ್ಡದು, ಪುಟ್ಟ ಮಗು ಗೇಣುದ್ದ ನೀರಿನಲ್ಲೂ ಮುಳುಗಬಹುದು.

ಬೇಲಿ ಸುತ್ತ ಕಣಗಿಲೆ, ಉಮ್ಮತ್ತಿ, ಹರಳು ಇದ್ದರೆ ಬೇರು ಸಮೇತ ತೆಗೆಯಿರಿ. ಗುಲಗಂಜಿ ಬಳ್ಳಿಯಂತೂ ಒಂದೂ ಇರಬಾರದು. ಆ ಕೆಂಪು ಕಾಳು ಕಂಡರೆ ಮಕ್ಕಳು ಬಿಡುವುದಿಲ್ಲ, ಜಗಿದರೆ ಜೀವಕ್ಕೇ ಅಪಾಯ.

ಇಟ್ಟಿಗೆ, ತೆಂಗಿನ ಗರಿ ರಾಶಿ ಹಾಕಬೇಡಿ. ಅಲ್ಲಿ ಇಲಿ ಸೇರುತ್ತವೆ, ಇಲಿ ಹಿಂದೆ ಹಾವು ಬರುತ್ತದೆ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಮಗುವನ್ನು ನಡೆಸಬೇಡಿ, 108ಕ್ಕೆ ಫೋನ್ ಮಾಡಿ. ಹಾವಿನ ವಿಷಕ್ಕೆ ಔಷಧಿ ಇರುವ ಹತ್ತಿರದ ಆಸ್ಪತ್ರೆ ಯಾವುದು ಅಂತ ಇವತ್ತೇ ವಿಚಾರಿಸಿಡಿ.

ಇನ್ನೊಂದು ಮಾತು. "ಅಂಕಲ್, ಮೇಲೆ ಹತ್ತಿಸಿ" ಅಂತ ಮಗು ಕೈ ಚಾಚಿದರೆ ಎತ್ತಿ ಕೂರಿಸಬೇಡಿ. ತಾನಾಗಿ ಹತ್ತಿದ ಮಗುವಿಗೆ ಸಾಮಾನ್ಯವಾಗಿ ಇಳಿಯಲೂ ಬರುತ್ತದೆ. ಪಕ್ಕದಲ್ಲಿ ನಿಂತು, "ಮೊದಲು ಕಾಲು ಎಲ್ಲಿಡ್ತೀಯಾ?" ಅಂತ ಕೇಳಿ.