ಸರ್ಟಿಫಿಕೇಟ್ ಕೋರ್ಸ್ ಆರಿಸುವಾಗ ಕೊನೆಯ ಪ್ರಾಜೆಕ್ಟನ್ನು ಮೊದಲು ನೋಡಿ

ಡಿಗ್ರಿ ಓದುತ್ತಲೇ ಜೊತೆಗೊಂದು ಸರ್ಟಿಫಿಕೇಟ್ ಮಾಡಿಕೊಳ್ಳೋಣ ಅಂತ ಯೋಚಿಸುತ್ತಿದ್ದೀರಾ? ಹಾಗಾದರೆ ಕೋರ್ಸಿನ ಹೆಸರು, ಫೀಸು, ಅವಧಿ ಎಲ್ಲವನ್ನೂ ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಸಿಲಬಸ್ ತೆಗೆದು ನೇರವಾಗಿ ಕೊನೆಯ ಪುಟಕ್ಕೆ ಹೋಗಿ. ಕೊನೆಯ ಪೇಪರಿನಲ್ಲಿ ವಿದ್ಯಾರ್ಥಿ ಏನು ಮಾಡಿ ಒಪ್ಪಿಸಬೇಕು ಅಂತ ಬರೆದಿದೆ, ಅದನ್ನು ಓದಿ. ಆಮೇಲೆ ಉಳಿದದ್ದು.

ನಾನು ಓದಿದ್ದು ಭೂಗೋಳ. ಅದರ ಜೊತೆಗೇ ಜಿಐಎಸ್ ಸರ್ಟಿಫಿಕೇಟ್ ಮಾಡಿದೆ. ನಕ್ಷೆಯನ್ನೂ ಜಾಗಕ್ಕೆ ಸಂಬಂಧಪಟ್ಟ ಮಾಹಿತಿಯನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಇಟ್ಟು ಲೆಕ್ಕ ಹಾಕುವ ಕೆಲಸ ಅದು. ಈಗ ನಕ್ಷೆ ಮಾಡುವ ತಂಡದಲ್ಲೇ ಇದ್ದೇನೆ. ಹೊಸಬರ ಅರ್ಜಿ ಓದುವುದು, ಸಂದರ್ಶನದಲ್ಲಿ ಕೂರುವುದು ನನ್ನ ಪಾಲಿಗೆ ಬಂದಿದೆ. ಒಂದೇ ಹೆಸರಿನ ಸರ್ಟಿಫಿಕೇಟ್ ಇಟ್ಟುಕೊಂಡು ಇಬ್ಬರು ಬರುತ್ತಾರೆ. ನೀವು ಮಾಡಿದ ಒಂದು ಕೆಲಸ ತೋರಿಸಿ ಅಂದರೆ ಒಬ್ಬರು ಲ್ಯಾಪ್‌ಟಾಪ್ ತೆರೆಯುತ್ತಾರೆ, ಇನ್ನೊಬ್ಬರು ಕಲಿತ ಸಾಫ್ಟ್‌ವೇರುಗಳ ಹೆಸರು ಹೇಳುತ್ತಾರೆ. ಇಬ್ಬರೂ ಬುದ್ಧಿವಂತರೇ. ವ್ಯತ್ಯಾಸ ಇರುವುದು ಅವರವರ ಕೋರ್ಸು ಕೊನೆಗೆ ಏನು ಮಾಡಿಸಿತು ಅನ್ನುವುದರಲ್ಲಿ. ಎರಡನೆಯವರ ಮುಖ ನೋಡಿದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಅವರೂ ಅಷ್ಟೇ ಸಮಯ, ಅಷ್ಟೇ ದುಡ್ಡು ಕೊಟ್ಟಿರುತ್ತಾರೆ.

ಮೊದಲು ಅಳತೆ ತಿಳಿದಿರಲಿ

ಸರ್ಟಿಫಿಕೇಟ್ ಅಂದರೆ ಒಂದೇ ಕಸುಬಿನ ಸುತ್ತ ಕಟ್ಟಿದ ಕೆಲವು ಕೋರ್ಸುಗಳ ಗುಂಪು. ಓದಿನ ಹೊರೆಯನ್ನು ಅಳೆಯುವ ಲೆಕ್ಕಕ್ಕೆ ಕ್ರೆಡಿಟ್ ಅನ್ನುತ್ತಾರೆ. ಅಮೆರಿಕದ ಕಾಲೇಜುಗಳಲ್ಲಿ ಸರ್ಟಿಫಿಕೇಟ್ ಸಾಮಾನ್ಯವಾಗಿ 12ರಿಂದ 30 ಕ್ರೆಡಿಟ್ ಇರುತ್ತದೆ. ಅಲ್ಲಿ ಪೂರ್ತಿ ಡಿಗ್ರಿಗೆ ಸುಮಾರು 120 ಕ್ರೆಡಿಟ್ ಬೇಕು. ಯುರೋಪಿನಲ್ಲಿ ಲೆಕ್ಕವೇ ಬೇರೆ, ಒಂದು ವರ್ಷದ ಪೂರ್ತಿ ಓದಿಗೆ ಅಲ್ಲಿನ ಇಸಿಟಿಎಸ್ ಪದ್ಧತಿಯಲ್ಲಿ 60 ಕ್ರೆಡಿಟ್. ಭಾರತದಲ್ಲಿ 2020ರ ಶಿಕ್ಷಣ ನೀತಿಯ ನಂತರ ಯುಜಿಸಿ ಮಾಡಿದ ಚೌಕಟ್ಟಿನಲ್ಲಿ, ಮೊದಲ ವರ್ಷ 40 ಕ್ರೆಡಿಟ್ ಮುಗಿಸಿ ಹೊರಗೆ ಬರುವವರು 4 ಕ್ರೆಡಿಟ್‌ನ ಒಂದು ವೃತ್ತಿ ಕೋರ್ಸನ್ನೂ ಮಾಡಿದ್ದರೆ ಅವರಿಗೆ ಯುಜಿ ಸರ್ಟಿಫಿಕೇಟ್ ಸಿಗುತ್ತದೆ. ಇದು ಡಿಗ್ರಿಯ ಮಧ್ಯದಲ್ಲಿ ನಿಲ್ಲಿಸಿದವರಿಗೆ ಕೊಡುವಂಥದ್ದು. ನಾನು ಇಲ್ಲಿ ಮಾತಾಡುತ್ತಿರುವುದು ಒಂದು ಕಸುಬಿಗೆ ತಯಾರು ಮಾಡುವ ಸರ್ಟಿಫಿಕೇಟ್ ಬಗ್ಗೆ. ಕ್ರೆಡಿಟ್ ಲೆಕ್ಕ ಒಂದೊಂದು ಕಡೆ ಒಂದೊಂದು ರೀತಿ ಇರುವುದರಿಂದ, ಬೇರೆ ದೇಶದ ಕೋರ್ಸನ್ನು ಹೋಲಿಸುವಾಗ ಬರೀ ಕ್ರೆಡಿಟ್ ಸಂಖ್ಯೆ ನೋಡಬೇಡಿ. ವಾರಕ್ಕೆ ಎಷ್ಟು ಗಂಟೆ, ಎಷ್ಟು ವಾರ ಅಂತ ಕೇಳಿ.

ಮೈನರ್‌ಗೂ, ಅಂದರೆ ಡಿಗ್ರಿಯ ಮುಖ್ಯ ವಿಷಯದ ಜೊತೆಗೆ ಓದುವ ಎರಡನೇ ವಿಷಯಕ್ಕೂ, ಸರ್ಟಿಫಿಕೇಟಿಗೂ ಏನು ವ್ಯತ್ಯಾಸ ಅಂತ ತುಂಬಾ ಜನ ಕೇಳುತ್ತಾರೆ. ಮೈನರ್ ಡಿಗ್ರಿಯ ಒಳಗೇ ಇರುತ್ತದೆ, ಡಿಗ್ರಿ ಇಲ್ಲದಿದ್ದರೆ ಅದೂ ಇಲ್ಲ. ಸರ್ಟಿಫಿಕೇಟನ್ನು ಬಹಳ ಕಡೆ ಬೇರೆಯಾಗಿಯೇ ಕೊಡುತ್ತಾರೆ, ಡಿಗ್ರಿ ಮುಗಿದವರೂ ಬಂದು ಮಾಡಬಹುದು. ಒಂದು ವಿಷಯವನ್ನು ಅಗಲವಾಗಿ ತಿಳಿಯಬೇಕು ಅಂದರೆ ಮೈನರ್ ಒಳ್ಳೆಯದು. ಒಂದು ಕೆಲಸ ಮಾಡಲು ಕೈ ಪಳಗಬೇಕು ಅಂದರೆ ಸರ್ಟಿಫಿಕೇಟ್.

ಕಾಲೇಜಿನ ಸರ್ಟಿಫಿಕೇಟ್ ಒಂದು, ವೃತ್ತಿ ಪರೀಕ್ಷೆ ಇನ್ನೊಂದು

ಇಲ್ಲಿ ಗೊಂದಲ ಮಾಡಿಕೊಂಡು ದುಡ್ಡು ಕಳೆದುಕೊಳ್ಳುವವರು ಜಾಸ್ತಿ. ಕಾಲೇಜು ಕೊಡುವುದು ನೀವು ಕೋರ್ಸ್ ಮುಗಿಸಿದಿರಿ ಅನ್ನುವ ಪತ್ರ. ವೃತ್ತಿ ಸಂಸ್ಥೆ ನಡೆಸುವ ಪರೀಕ್ಷೆ ಬೇರೆ, ಅದರ ಅರ್ಹತೆಯ ನಿಯಮಗಳೂ ಬೇರೆ. ಇನ್ನು ಕೆಲವು ಕಸುಬುಗಳಲ್ಲಿ ಸರ್ಕಾರದ ಪರವಾನಗಿ ಇಲ್ಲದೆ ಕೆಲಸ ಮುಟ್ಟುವಂತೆಯೇ ಇಲ್ಲ. ಮೂರೂ ಬೇರೆ ಬೇರೆ.

ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ತೆಗೆದುಕೊಳ್ಳಿ. ಆ ಕಸುಬಿನ ವೃತ್ತಿ ಸಂಸ್ಥೆ ಪಿಎಂಐ. ಅದು ನಡೆಸುವ ಪಿಎಂಪಿ ಪರೀಕ್ಷೆಯ ಹೆಸರು ಆ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತು. ಆದರೆ ಅದಕ್ಕೆ ಕೂರಬೇಕಾದರೆ ಪ್ರಾಜೆಕ್ಟ್ ನಡೆಸಿದ ವರ್ಷಗಟ್ಟಲೆ ಅನುಭವ ಬೇಕು. ಓದುತ್ತಿರುವವರಿಗೆ ಅದು ಎಲ್ಲಿಂದ ಬರಬೇಕು? ಅದೇ ಸಂಸ್ಥೆಯ ಸಿಎಪಿಎಂ ಪರೀಕ್ಷೆಗೆ 23 ಗಂಟೆಯ ಪಾಠ ಸಾಕು, ಅನುಭವ ಕೇಳುವುದಿಲ್ಲ. ಹಾಗಾಗಿ ಎರಡನೇ ವರ್ಷದ ವಿದ್ಯಾರ್ಥಿಗೆ ಯಾರಾದರೂ ‘ನಮ್ಮ ಕೋರ್ಸ್ ಮುಗಿದ ತಕ್ಷಣ ಪಿಎಂಪಿ’ ಅಂದರೆ ಅಲ್ಲಿಂದ ಎದ್ದು ಬನ್ನಿ.

ವಿಮೆ ಲೆಕ್ಕದ ಕಸುಬು, ಅಂದರೆ ಆಕ್ಚುರಿ ಆಗಬೇಕು ಅನ್ನುವವರ ದಾರಿ ಇದಕ್ಕೆ ಉಲ್ಟಾ. ಅಲ್ಲಿ ಪರೀಕ್ಷೆಗಳ ಸಾಲೇ ಮುಖ್ಯ. ಮೊದಲನೆಯವು ಸಂಭವನೀಯತೆ ಮತ್ತು ಹಣಕಾಸಿನ ಗಣಿತದ ಮೇಲೆ ಇರುತ್ತವೆ, ಡಿಗ್ರಿ ಓದುತ್ತಲೇ ಬರೆಯಬಹುದು. ಅಂಥ ಕಡೆ ಸರ್ಟಿಫಿಕೇಟ್ ಕೋರ್ಸು ಆ ಪರೀಕ್ಷೆಗೆ ತಯಾರು ಮಾಡುತ್ತದೋ ಇಲ್ಲವೋ ಅನ್ನುವುದೇ ಪ್ರಶ್ನೆ.

ಮೆಡಿಕಲ್ ಕೋಡಿಂಗ್‌ನಲ್ಲಿ ಇನ್ನೊಂದು ರೀತಿ. ರೋಗಿಯ ದಾಖಲೆ ಓದಿ, ರೋಗಕ್ಕೆ ಮತ್ತು ಚಿಕಿತ್ಸೆಗೆ ಸರಿಯಾದ ಸಂಕೇತ ಹಾಕುವ ಕೆಲಸ ಅದು. ರೋಗದ ಸಂಕೇತಗಳಿಗೆ ಮೂಲ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ ಅನ್ನುವ ರೋಗಗಳ ಪಟ್ಟಿ. ಅದರ 11ನೇ ಆವೃತ್ತಿ 2022ರ ಜನವರಿಯಿಂದ ಜಾರಿಗೆ ಬಂದಿದ್ದರೂ 10ನೇ ಆವೃತ್ತಿಯಲ್ಲೇ ಕೆಲಸ ನಡೆಯುವ ಕಡೆಗಳು ಬೇಕಾದಷ್ಟಿವೆ. ನೀವು ಕೆಲಸ ಮಾಡಬೇಕೆಂದಿರುವ ಕಡೆ ಯಾವುದು ಬಳಕೆಯಲ್ಲಿದೆಯೋ ಅದನ್ನೇ ಕೋರ್ಸ್ ಕಲಿಸಬೇಕು. ಕೋಡಿಂಗ್ ಮಾಡುವವರ ವೃತ್ತಿ ಸಂಸ್ಥೆಯಾದ ಎಎಪಿಸಿ ನಡೆಸುವ ಸಿಪಿಸಿ ಪರೀಕ್ಷೆ ಪಾಸಾದ ಮೇಲೂ, ಅನುಭವ ಇಲ್ಲದವರ ಹೆಸರಿನ ಮುಂದೆ ಅಪ್ರೆಂಟಿಸ್ ಅನ್ನುವ ಗುರುತು ಇರುತ್ತದೆ. ಹಾಗಾಗಿ ಕೋರ್ಸಿನ ಒಳಗೇ ಎಷ್ಟು ದಾಖಲೆಗಳನ್ನು ನಿಮ್ಮ ಕೈಯಿಂದ ಕೋಡ್ ಮಾಡಿಸುತ್ತಾರೆ ಅಂತ ಕೇಳಲೇಬೇಕು.

ಕೊನೆಯ ಪ್ರಾಜೆಕ್ಟನ್ನು ಓದುವುದು ಹೇಗೆ

ಈಗ ನನ್ನ ಕಸುಬಿನ ಉದಾಹರಣೆಯನ್ನೇ ವಿವರವಾಗಿ ಹೇಳುತ್ತೇನೆ. ಇದು ಗೊತ್ತಾದರೆ ಬೇರೆ ಕ್ಷೇತ್ರದ ಸಿಲಬಸ್ ಓದುವುದೂ ಸುಲಭವಾಗುತ್ತದೆ.

ಎರಡು ಜಿಐಎಸ್ ಸಿಲಬಸ್ ನಿಮ್ಮ ಮುಂದಿವೆ ಅಂದುಕೊಳ್ಳಿ. ಒಂದರ ಕೊನೆಯ ಕೋರ್ಸಿನಲ್ಲಿ ‘ಕೊಟ್ಟ ಮಾಹಿತಿಯಿಂದ ಐದು ನಕ್ಷೆ ತಯಾರಿಸಿ’ ಅಂತಿದೆ. ಇನ್ನೊಂದರಲ್ಲಿ ‘ಒಂದು ಕೆರೆ ಕಳೆದ ವರ್ಷಗಳಲ್ಲಿ ಎಷ್ಟು ಕುಗ್ಗಿದೆ ಅಂತ ಕಂಡುಹಿಡಿದು, ಲೆಕ್ಕ ಎಷ್ಟು ನಂಬಬಹುದು ಅಂತ ವರದಿ ಬರೆಯಿರಿ’ ಅಂತಿದೆ. ಮೊದಲನೆಯದರಲ್ಲಿ ಗುಂಡಿ ಒತ್ತುವುದು ಬಂದರೆ ಸಾಕು. ಎರಡನೆಯದರಲ್ಲಿ ಏನೇನು ಮಾಡಬೇಕಾಗುತ್ತದೆ ನೋಡಿ.

ಮೊದಲು ಹಳೆಯ ಉಪಗ್ರಹ ಚಿತ್ರ ಹುಡುಕಬೇಕು. ಲ್ಯಾಂಡ್‌ಸ್ಯಾಟ್ ಉಪಗ್ರಹಗಳು 1972ರಿಂದ ಭೂಮಿಯ ಚಿತ್ರ ತೆಗೆಯುತ್ತಿವೆ. 2008ರಿಂದ ಆ ಸಂಗ್ರಹ ಎಲ್ಲರಿಗೂ ಉಚಿತ. ಈಗಿನ ಲ್ಯಾಂಡ್‌ಸ್ಯಾಟ್ ಚಿತ್ರದ ಒಂದು ಚುಕ್ಕೆ ಅಂದರೆ ನೆಲದ ಮೇಲೆ 30 ಮೀಟರ್ ಉದ್ದ, 30 ಮೀಟರ್ ಅಗಲ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ಕೊಡುವ ಚಿತ್ರದಲ್ಲಿ ಕೆಲವು ಬಣ್ಣಪಟ್ಟಿಗಳಿಗೆ ಅದು 10 ಮೀಟರ್, ಆದರೆ ಅದು ಶುರುವಾಗಿದ್ದೇ 2015ರಲ್ಲಿ. ಹಳೆಯದು ಬೇಕೋ, ಸ್ಪಷ್ಟವಾದದ್ದು ಬೇಕೋ? ವಿದ್ಯಾರ್ಥಿಯೇ ತೀರ್ಮಾನ ಮಾಡಬೇಕು, ಯಾಕೆ ಅಂತ ಬರೆಯಬೇಕು.

ಆಮೇಲೆ ನೀರು ಯಾವುದು, ನೆಲ ಯಾವುದು ಅಂತ ಬೇರೆ ಮಾಡಬೇಕು. ಕಣ್ಣಿಗೆ ಕಾಣುವ ಕೆಂಪಿನ ಆಚೆಗಿನ ಬೆಳಕನ್ನು ನೀರು ಹೀರಿಕೊಳ್ಳುತ್ತದೆ, ಹಾಗಾಗಿ ಆ ಪಟ್ಟಿಯಲ್ಲಿ ಕೆರೆ ಕಪ್ಪಗೆ ಕಾಣುತ್ತದೆ. ಆದರೆ ಅಂಚಿನ ಚುಕ್ಕೆಗಳಲ್ಲಿ ಅರ್ಧ ನೀರು, ಅರ್ಧ ಕೆಸರು. ಪಾಚಿ ಕಟ್ಟಿದ್ದರೆ ಇನ್ನೂ ಕಷ್ಟ. ಮಳೆಗಾಲದ ಚಿತ್ರವನ್ನು ಬೇಸಿಗೆಯ ಚಿತ್ರದ ಜೊತೆ ಹೋಲಿಸಿದರೆ ಕೆರೆ ಕುಗ್ಗಿದೆ ಅಂತ ಬರುತ್ತದೆ, ಅದು ಋತುವಿನ ವ್ಯತ್ಯಾಸ ಅಷ್ಟೇ.

ಕೊನೆಗೆ ವಿಸ್ತೀರ್ಣ. ನಾನು ಸಂದರ್ಶನದಲ್ಲಿ ತಪ್ಪದೆ ಕೇಳುವ ಪ್ರಶ್ನೆ ಇಲ್ಲಿದೆ: ಈ ಲೆಕ್ಕವನ್ನು ಯಾವ ಪ್ರೊಜೆಕ್ಷನ್‌ನಲ್ಲಿ ಮಾಡಿದಿರಿ? ದುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ತರುವ ವಿಧಾನಕ್ಕೆ ಪ್ರೊಜೆಕ್ಷನ್ ಅನ್ನುತ್ತಾರೆ. ಮೊಬೈಲಿನ ನಕ್ಷೆಗಳಲ್ಲಿ ಸಾಮಾನ್ಯವಾಗಿ ಬಳಸುವ ವೆಬ್ ಮರ್ಕೇಟರ್‌ನಲ್ಲಿ ವಿಸ್ತೀರ್ಣ ಅಳೆದರೆ, 60 ಡಿಗ್ರಿ ಅಕ್ಷಾಂಶದಲ್ಲಿ ಜಾಗ ನಿಜಕ್ಕಿಂತ ಸುಮಾರು ನಾಲ್ಕು ಪಟ್ಟು ದೊಡ್ಡದಾಗಿ ಬರುತ್ತದೆ. ಭೂಮಧ್ಯ ರೇಖೆಯ ಹತ್ತಿರ ಈ ತಪ್ಪು ಕಣ್ಣಿಗೇ ಬೀಳುವುದಿಲ್ಲ, ಅದಕ್ಕೇ ಅಪಾಯ ಜಾಸ್ತಿ. ಭೂಮಿಯನ್ನು 6 ಡಿಗ್ರಿಯಂತೆ 60 ಪಟ್ಟಿ ಮಾಡಿರುವ ಯುಟಿಎಂನಲ್ಲಿ (ಅದರಲ್ಲಿ ವಿಸ್ತೀರ್ಣದ ತಪ್ಪು ತೀರಾ ಕಡಿಮೆ) ಅಥವಾ ವಿಸ್ತೀರ್ಣವನ್ನು ಪೂರ್ತಿ ಕಾಪಾಡುವ ಪ್ರೊಜೆಕ್ಷನ್‌ನಲ್ಲಿ ಮಾಡಿದೆ ಅಂತ ಹೇಳುವ ವಿದ್ಯಾರ್ಥಿ ಎದುರು ಕೂತರೆ ನನಗೆ ಖುಷಿಯಾಗುತ್ತದೆ. ಅವರಿಗೆ ಪಾಠ ಮಾಡಿದ ಮೇಷ್ಟ್ರ ಬಗ್ಗೆ ಗೌರವವೂ ಬರುತ್ತದೆ.

ಎರಡನೇ ಸಿಲಬಸ್‌ನಲ್ಲಿ ಇಷ್ಟೆಲ್ಲ ತಾನಾಗಿಯೇ ಕಲಿಯಬೇಕಾಗುತ್ತದೆ, ಅಲ್ವಾ? ಕೊನೆಯ ಕೆಲಸ ಕಷ್ಟದ್ದಾಗಿದ್ದರೆ ಅದಕ್ಕೆ ಮುಂಚಿನ ಪೇಪರುಗಳೂ ಗಟ್ಟಿಯಾಗಿರಲೇಬೇಕು. ಇಲ್ಲದಿದ್ದರೆ ವಿದ್ಯಾರ್ಥಿಗಳು ಅಲ್ಲಿಗೆ ಮುಟ್ಟುವುದೇ ಇಲ್ಲ.

ಬೇರೆ ಕ್ಷೇತ್ರದಲ್ಲೂ ಇದೇ ಕಣ್ಣಿನಿಂದ ನೋಡಿ. ಲೆಕ್ಕಪತ್ರದ ಸರ್ಟಿಫಿಕೇಟ್ ಆದರೆ, ಬಿಲ್ಲು ವೋಚರುಗಳ ರಾಶಿ ಕೊಟ್ಟು ಒಂದು ಪೂರ್ತಿ ವರ್ಷದ ಪುಸ್ತಕ ಮುಗಿಸಿ ಟ್ರಯಲ್ ಬ್ಯಾಲೆನ್ಸ್, ಅಂದರೆ ಎಲ್ಲ ಖಾತೆಗಳ ಜಮಾ ಖರ್ಚಿನ ಮೊತ್ತ, ತಾಳೆ ಮಾಡಿಸುತ್ತಾರಾ? ತಾಂತ್ರಿಕ ಬರವಣಿಗೆ ಆದರೆ, ನೀವು ಬರೆದ ಕೈಪಿಡಿಯನ್ನು ಹಿಡಿದು ಗೊತ್ತಿಲ್ಲದ ಒಬ್ಬರು ಆ ಕೆಲಸ ಮಾಡಿ ನೋಡುತ್ತಾರಾ? ಸೈಬರ್ ಭದ್ರತೆ ಆದರೆ, ಕಂಪ್ಯೂಟರಿನಲ್ಲಿ ನಡೆದದ್ದು ದಾಖಲಾಗುವ ನಿಜವಾದ ಲಾಗ್ ಫೈಲ್ ಓದಿ ಏನು ನಡೆದಿದೆ ಅಂತ ವರದಿ ಬರೆಸುತ್ತಾರಾ, ಇಲ್ಲ ಬರೀ ಸರಿ ಉತ್ತರಕ್ಕೆ ಟಿಕ್ ಹಾಕಿಸುತ್ತಾರಾ?

ಸೇರುವ ಮೊದಲು ಕೇಳಿ

ಕೊನೆಯ ಕೋರ್ಸನ್ನು ಪಾಠ ಮಾಡುವವರು ಯಾರು, ಅವರು ಆ ಕಸುಬಿನಲ್ಲಿ ಇದ್ದಾರಾ ಅಥವಾ ಇದ್ದರಾ? ಪ್ರಾಜೆಕ್ಟಿಗೆ ಮಾಹಿತಿ ಎಲ್ಲಿಂದ ಬರುತ್ತದೆ? ಹೊರಗಿನವರು ಯಾರಾದರೂ ಅದನ್ನು ನೋಡುತ್ತಾರಾ? ಹೋದ ವರ್ಷದವರ ಒಂದು ಪ್ರಾಜೆಕ್ಟ್ ತೋರಿಸಬಹುದಾ? ಕೊನೆಯ ಪ್ರಶ್ನೆಗೆ ಬರುವ ಉತ್ತರದಲ್ಲೇ ಅರ್ಧ ತೀರ್ಮಾನ ಆಗಿಬಿಡುತ್ತದೆ. ಒಳ್ಳೆಯ ವಿಭಾಗದವರಿಗೆ ತೋರಿಸುವುದಕ್ಕೆ ಆಸೆ ಇರುತ್ತದೆ.

ಮಾನ್ಯತೆಯನ್ನು ಕಾಲೇಜಿನ ಜಾಹೀರಾತಿನಲ್ಲಿ ನೋಡಬೇಡಿ. ಮಾನ್ಯತೆ ಕೊಡುವ ಸಂಸ್ಥೆಯ ಪಟ್ಟಿಯಲ್ಲೇ ಹುಡುಕಿ. ಆನ್‌ಲೈನ್ ಕೋರ್ಸಿಗೂ ಇದೇ ಮಾತು.

ಕ್ರೆಡಿಟ್ ವಿಷಯದಲ್ಲಿ ಎರಡು ಪ್ರಶ್ನೆ. ಈ ಕೋರ್ಸುಗಳು ಡಿಗ್ರಿಯ ಐಚ್ಛಿಕ ವಿಷಯಗಳ ಲೆಕ್ಕಕ್ಕೂ ಸೇರುತ್ತವಾ? ಸೇರಿದರೆ ಹೊರೆ ಎಷ್ಟೋ ಕಡಿಮೆ. ನಾಳೆ ಬೇರೆ ವಿಶ್ವವಿದ್ಯಾಲಯಕ್ಕೆ ಹೋದರೆ ಅವು ಜೊತೆಗೆ ಬರುತ್ತವಾ? ಎರಡಕ್ಕೂ ಉತ್ತರವನ್ನು ಬರಹದಲ್ಲಿ ಇಸಿದುಕೊಳ್ಳಿ. ಬಾಯಿಮಾತಿನ ಭರವಸೆ ಸಾಲದು.

ಕ್ಯಾಲೆಂಡರ್ ಹಾಕಿಕೊಳ್ಳಿ

ಸರ್ಟಿಫಿಕೇಟಿನ ಕೋರ್ಸುಗಳು ಒಂದರ ಬಾಲ ಒಂದು ಹಿಡಿದುಕೊಂಡಿರುತ್ತವೆ. ಅಂಕಿಅಂಶದ ಪೇಪರ್ ಮುಗಿಯದೆ ವಿಶ್ಲೇಷಣೆಗೆ ಹೋಗುವಂತಿಲ್ಲ, ಅದು ಮುಗಿಯದೆ ಕೊನೆಯ ಪ್ರಾಜೆಕ್ಟ್ ಇಲ್ಲ. ಕೆಲವು ಕೋರ್ಸುಗಳನ್ನು ವರ್ಷಕ್ಕೆ ಒಂದೇ ಸೆಮಿಸ್ಟರಿನಲ್ಲಿ ನಡೆಸುತ್ತಾರೆ. ಅದು ತಪ್ಪಿತು ಅಂದರೆ ಇನ್ನೊಂದು ವರ್ಷ ಕಾಯಬೇಕು. ಕೊನೆಯ ವರ್ಷದಲ್ಲಿ ಶುರು ಮಾಡಿದವರು ಪರದಾಡುವುದು ಇದಕ್ಕೇ. ಕೊನೆಯ ಪ್ರಾಜೆಕ್ಟ್ ಯಾವ ಸೆಮಿಸ್ಟರಿಗೆ ಬರಬೇಕು ಅಂತ ಗುರುತು ಹಾಕಿ, ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಬನ್ನಿ. ಸಾಮಾನ್ಯವಾಗಿ ಎರಡನೇ ವರ್ಷದ ಶುರುವಿಗೆ ಬಂದು ನಿಲ್ಲುತ್ತದೆ. ಮಧ್ಯದ ದೊಡ್ಡ ರಜೆಯಲ್ಲಿ ಇಂಟರ್ನ್‌ಶಿಪ್ ಸಿಕ್ಕರೆ ಅಲ್ಲಿ ಕಂಡ ಒಂದು ನಿಜವಾದ ಸಮಸ್ಯೆಯನ್ನೇ ಪ್ರಾಜೆಕ್ಟ್ ಮಾಡಿಕೊಳ್ಳಿ.

ಇನ್ನೊಂದು. ಎಲ್ಲ ಪೇಪರ್ ಪಾಸಾದರೂ ಸರ್ಟಿಫಿಕೇಟ್ ತಾನಾಗಿ ಬರುತ್ತದೆ ಅಂದುಕೊಳ್ಳಬೇಡಿ. ಬಹಳ ಕಡೆ ಪ್ರತ್ಯೇಕ ಅರ್ಜಿ ಹಾಕಬೇಕು, ಅದಕ್ಕೆ ಕೊನೆಯ ದಿನಾಂಕವೂ ಇರುತ್ತದೆ. ಸೇರಿದ ದಿನವೇ ವಿಚಾರಿಸಿ ಬರೆದಿಟ್ಟುಕೊಳ್ಳಿ.

ಅರ್ಜಿಯಲ್ಲಿ ಬರೆಯುವುದು

ಕೆಲಸದ ಅರ್ಜಿಯಲ್ಲಿ ಸುಮ್ನೆ ‘ಜಿಐಎಸ್ ಸರ್ಟಿಫಿಕೇಟ್’ ಅಂತ ಬರೆದು ಮುಂದೆ ಹೋಗಬೇಡಿ. ಅದರ ಕೆಳಗೆ ಎರಡು ಸಾಲು ಸೇರಿಸಿ. ‘ಲ್ಯಾಂಡ್‌ಸ್ಯಾಟ್ ಚಿತ್ರಗಳಿಂದ ಒಂದು ಕೆರೆಯ ವಿಸ್ತೀರ್ಣದ ಬದಲಾವಣೆ ಅಳೆದೆ, ಕ್ಯೂಜಿಐಎಸ್ ಸಾಫ್ಟ್‌ವೇರ್ ಮತ್ತು ಪೈಥಾನ್ ಪ್ರೋಗ್ರಾಮಿಂಗ್ ಬಳಸಿದೆ, ಅಂಚಿನ ಚುಕ್ಕೆಗಳಿಂದ ಬರಬಹುದಾದ ತಪ್ಪನ್ನು ಅಂದಾಜು ಮಾಡಿದೆ.’ ಅರ್ಜಿ ಓದುವವರು ಅಲ್ಲಿ ನಿಲ್ಲುತ್ತಾರೆ.

ಈಗ ಡಿಜಿಟಲ್ ಬ್ಯಾಡ್ಜ್, ಅಂದರೆ ಆನ್‌ಲೈನಿನಲ್ಲಿ ತೋರಿಸಬಹುದಾದ ಪ್ರಮಾಣಪತ್ರ, ಕೊಡುವ ಕಾಲೇಜುಗಳೂ ಇವೆ. ಇಂಥ ಬ್ಯಾಡ್ಜ್‌ಗಳಿಗೆ ಬಳಸುವ ಓಪನ್ ಬ್ಯಾಡ್ಜ್ ಅನ್ನುವ ಮಾದರಿಯಲ್ಲಿ ಯಾರು ಕೊಟ್ಟರು, ಯಾವ ದಿನ, ಯಾವ ಮಾನದಂಡಕ್ಕೆ ಅನ್ನುವ ವಿವರದ ಜೊತೆಗೆ ನೀವು ಮಾಡಿದ ಕೆಲಸದ ಪುರಾವೆ ಸೇರಿಸುವುದಕ್ಕೂ ಜಾಗ ಇದೆ. ಬ್ಯಾಡ್ಜ್ ಕೊಡುವವರನ್ನು ಕೇಳಿ ನಿಮ್ಮ ಪ್ರಾಜೆಕ್ಟಿನ ಕೊಂಡಿಯನ್ನು ಅಲ್ಲಿ ಹಾಕಿಸಿ. ಬೇರೆಯವರ ಗುಟ್ಟಿನ ಮಾಹಿತಿ ಪ್ರಾಜೆಕ್ಟಿನಲ್ಲಿದ್ದರೆ ಹಾಗೆಯೇ ಹಂಚಬೇಡಿ. ಹೆಸರು ವಿಳಾಸ ತೆಗೆದ ಒಂದು ಪ್ರತಿ ಮಾಡಿಟ್ಟುಕೊಳ್ಳಿ, ಅದಕ್ಕೂ ಮೇಷ್ಟ್ರ ಒಪ್ಪಿಗೆ ಪಡೆಯಿರಿ.

ಸಂದರ್ಶನಕ್ಕೆ ಬರುವಾಗ ಆ ಫೈಲ್ ಇಂಟರ್ನೆಟ್ ಇಲ್ಲದೆಯೂ ತೆರೆಯುವಂತೆ ಇಟ್ಟುಕೊಂಡು ಬನ್ನಿ. ಎಲ್ಲಿ ಸಿಕ್ಕಿಹಾಕಿಕೊಂಡಿರಿ, ಯಾವ ದಾರಿ ಕೈಬಿಟ್ಟಿರಿ, ಇನ್ನೂ ಎರಡು ವಾರ ಸಿಕ್ಕಿದ್ದರೆ ಏನು ಸರಿ ಮಾಡುತ್ತಿದ್ದಿರಿ ಅಂತ ಯೋಚಿಸಿಕೊಂಡು ಬನ್ನಿ. ನಾವು ಕೇಳುವುದು ಅದನ್ನೇ.