ಟೊಳ್ಳು ಗಿಟಾರಿಗೆ ಹೊಸ ಪಿಕಪ್: ಒಳಗೆ ಕೂರಿಸುವ ಮುಂಚೆ ಕೇಳಿ ನೋಡಿ

ಗಿಬ್ಸನ್ ಇಎಸ್-175 ತರಹದ ಪೂರ್ತಿ ಟೊಳ್ಳು ಗಿಟಾರಿಗೆ ಹಿಂಬದಿ ಮುಚ್ಚಳ ಇರುವುದಿಲ್ಲ. ಪಾಟ್ (ವಾಲ್ಯೂಮ್, ಟೋನ್ ಗುಂಡಿಗಳ ಕೆಳಗಿನ ಭಾಗ), ಸ್ವಿಚ್, ಜಾಕ್ ಎಲ್ಲವನ್ನೂ ಮೈಮೇಲಿನ ಎಫ್ ಆಕಾರದ ಎಫ್-ಕಿಂಡಿಯಿಂದ ಒಳಗೆ ತೂರಿಸಿ, ದಾರ ಕಟ್ಟಿ ಎಳೆದು ಕೂರಿಸಬೇಕು. ಇಷ್ಟು ಹೆಣಗಿದ ಮೇಲೆ ನಾದ ಹಿಡಿಸದಿದ್ದರೆ ಮತ್ತೆ ಅದೇ ಪಾಡು. ಹಾಗಾಗಿ ಹಳೆಯ ವೈರಿಂಗ್ ಮುಟ್ಟದೆ, ಹೊಸ ಹಂಬಕರನ್ನು (ತಂತಿಯ ಕಂಪನವನ್ನು ಸಿಗ್ನಲ್ ಮಾಡುವ, ಎರಡು ಕಾಯಿಲಿನ ಪಿಕಪ್) ಹೊರಗಿನ ಜಾಕಿಗೆ ಜೋಡಿಸಿ ಕೇಳಿಬಿಡಿ.

ಬೇಕಾದದ್ದು: ಕಾಲಿಂಚಿನ ಮೋನೋ ಜಾಕ್, ನಾಲ್ಕು ಕ್ರೊಕೊಡೈಲ್ ಕ್ಲಿಪ್ ವೈರು, ಮಲ್ಟಿಮೀಟರ್, 270 ಕಿಲೋಓಮ್ ರೆಸಿಸ್ಟರ್ ಒಂದು. ರೆಸಿಸ್ಟರ್ ಬಿಟ್ಟರೆ ಪರೀಕ್ಷೆಯೇ ಸುಳ್ಳು. ಗಿಟಾರಿನೊಳಗಿನ 500ಕೆ ವಾಲ್ಯೂಮ್, 500ಕೆ ಟೋನ್ ಸೇರಿ ಪಿಕಪ್ ಮೇಲೆ ಸುಮಾರು 250ಕೆ ಹೊರೆ ಹಾಕುತ್ತವೆ. ಆ ಹೊರೆಯಿಲ್ಲದೆ ಕೇಳಿದರೆ ಟ್ರೆಬಲ್ ವಿಪರೀತ ಚುರುಕು. ಒಳಗೆ ಕೂರಿಸಿದ ದಿನ ‘ಯಾಕೋ ಮಂಕಾಯಿತಲ್ಲ’ ಅನ್ನಿಸುತ್ತದೆ. ಜಾಕಿನ ಎರಡು ಕಾಲುಗಳ ನಡುವೆ ರೆಸಿಸ್ಟರ್ ಕಟ್ಟಿ.

ನಾಲ್ಕು ಬಣ್ಣದ ವೈರಿದ್ದರೆ ತಯಾರಕರನ್ನು ನೋಡಿಕೊಳ್ಳಿ. ಸೀಮೋರ್ ಡಂಕನ್‌ನಲ್ಲಿ ಕಪ್ಪು ಸಿಗ್ನಲ್, ಹಸಿರು ಮತ್ತು ಬರಿ ವೈರು ಗ್ರೌಂಡ್, ಬಿಳಿ-ಕೆಂಪು ಒಟ್ಟಿಗೆ ಸುತ್ತಿ ಟೇಪ್. ಡಿಮಾರ್ಜಿಯೊದಲ್ಲಿ ಕೆಂಪು ಸಿಗ್ನಲ್, ಕಪ್ಪು-ಬಿಳಿ ಒಟ್ಟಿಗೆ. ಡಿಮಾರ್ಜಿಯೊವನ್ನು ಡಂಕನ್ ಲೆಕ್ಕದಲ್ಲಿ ಜೋಡಿಸಿದರೆ ಒಂದು ಕಾಯಿಲ್ ತಿರುಗಾಮುರುಗಾ ಆಗಿ ನಾದ ಸೊರಗುತ್ತದೆ, ಹಮ್ (ಗುಂಯ್ ಸದ್ದು) ಏರುತ್ತದೆ. ಹಳೇ ಶೈಲಿಯ ಹಂಬಕರ್ ಮೀಟರಿನಲ್ಲಿ 7ರಿಂದ 9ಕೆ ತೋರಿಸಬೇಕು. ಅದರರ್ಧ ತೋರಿಸಿದರೆ ಒಂದೇ ಕಾಯಿಲ್ ಸಿಕ್ಕಿದೆ. ಏನೂ ತೋರಿಸದಿದ್ದರೆ ಎಲ್ಲೋ ಸಂಪರ್ಕವಿಲ್ಲ.

ಫೇಸ್ ಕೂಡ, ಅಂದರೆ ಎರಡು ಪಿಕಪ್ಪುಗಳ ಸಿಗ್ನಲ್ ಒಂದೇ ದಿಕ್ಕಿನಲ್ಲಿದೆಯೇ ಎಂದು, ಈಗಲೇ ನೋಡಿ. ಮೀಟರನ್ನು 20ಕೆ ಓಮ್‌ಗೆ ಇಟ್ಟು, ಎರಡೂ ಕಾಯಿಲ್ ಮೇಲೆ ಸ್ಕ್ರೂಡ್ರೈವರ್ ಅಡ್ಡ ಇಟ್ಟು ತಟ್ಟನೆ ಎತ್ತಿ. ಅಂಕಿ ಏರಿತೋ ಇಳಿಯಿತೋ? ಗಿಟಾರಿನಲ್ಲಿ ಉಳಿಯುವ ಪಿಕಪ್ಪಿಗೂ ಅದರ ಜಾಕಿನಿಂದ ಹೀಗೇ ಅಳೆಯಿರಿ. ಎರಡೂ ಒಂದೇ ಕಡೆ ಓಡಬೇಕು. ಉಲ್ಟಾ ಇದ್ದರೆ, ಜಾಲರಿ ಹೊದಿಕೆಯ ಒಂಟಿ ವೈರಿನ ಪಿಕಪ್ಪಿನಲ್ಲಿ ವೈರು ಅದಲುಬದಲು ಮಾಡಬೇಡಿ: ಜಾಲರಿಯೂ ಲೋಹದ ಕವರೂ ಸಿಗ್ನಲ್ ಆಗಿ ಗುಂಯ್‌ಗುಡುತ್ತವೆ. ಅಲ್ಲಿ ತಿರುಗಿಸಬೇಕಾದ್ದು ಮ್ಯಾಗ್ನೆಟ್.

ಬ್ರಿಜ್ ಬರೀ ತಂತಿಯ ಒತ್ತಡದಲ್ಲಿ ನಿಂತಿರುತ್ತದೆ. ತಂತಿ ಸಡಿಲಿಸುವ ಮುಂಚೆ ಅದರ ಜಾಗವನ್ನು ಕಡಿಮೆ ಅಂಟಿನ ಟೇಪಿನಿಂದ ಗುರುತು ಮಾಡಿ. ಪಿಕಪ್ಪಿನ ಸುತ್ತಲಿನ ಚೌಕಟ್ಟಾದ ರಿಂಗಿನ ನಾಲ್ಕು ಸ್ಕ್ರೂ ಬಿಚ್ಚಿ, ಹಳೆಯ ಪಿಕಪ್ಪನ್ನು ರಿಂಗಿನಿಂದ ಬಿಡಿಸಿ, ಮೆತ್ತನೆ ಬಟ್ಟೆಯಲ್ಲಿ ಸುತ್ತಿ ಒಳಗೇ ಪಕ್ಕಕ್ಕೆ ಇಡಿ. ಹೊಸದನ್ನು ರಿಂಗಿಗೆ ಹಾಕಿ, ವೈರನ್ನು ಎಫ್-ಕಿಂಡಿಯಿಂದ ಹೊರಗೆಳೆದು ಜಾಕಿಗೆ ಕ್ಲಿಪ್ ಮಾಡಿ. ಜಾಕಿನ ಗ್ರೌಂಡಿನಿಂದ ಟೇಲ್‌ಪೀಸಿಗೂ ಒಂದು ಕ್ಲಿಪ್ ಹಾಕಿ. ಇಲ್ಲದಿದ್ದರೆ ತಂತಿಗಳಿಗೆ ಗ್ರೌಂಡ್ ಇರುವುದಿಲ್ಲ, ಆ ಹಮ್ಮಿಗೆ ಪಿಕಪ್ಪನ್ನು ಬೈಯುತ್ತೀರಿ.

ಕೊನೆಯ ಫ್ರೆಟ್ ಒತ್ತಿ ಹಿಡಿದು, ಪೋಲಿನಿಂದ (ಪಿಕಪ್ಪಿನಲ್ಲಿ ತಂತಿಯ ಕೆಳಗಿರುವ ಲೋಹದ ತುದಿ) ತಂತಿಗೆ ಟ್ರೆಬಲ್ ಕಡೆ 1.6 ಮಿ.ಮೀ., ಬಾಸ್ ಕಡೆ 2.4 ಮಿ.ಮೀ. ಬಿಟ್ಟು ಶುರುಮಾಡಿ. ಹಳೆಯದನ್ನು ಬಿಚ್ಚುವ ಮುಂಚೆಯೇ ಒಂದು ತುಣುಕು ನುಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟಿರಿ. ಅದೇ ತಂತಿ, ಅದೇ ಆಂಪ್ ಸೆಟ್ಟಿಂಗ್ ಇರಲಿ. ಕೇಳುವಾಗ ಎರಡರ ಸದ್ದೂ ಸಮ ಮಾಡಿಕೊಳ್ಳಿ, ಏಕೆಂದರೆ ಜೋರಾದದ್ದೇ ಕಿವಿಗೆ ಚೆನ್ನಾಗಿ ಕೇಳುತ್ತದೆ.

ಕೊನೆಗೆ ಆಂಪ್ ಏರಿಸಿ, ಕವರನ್ನು ಪೆನ್ನಿನಿಂದ ತಟ್ಟಿ. ಟಕ್‌ಟಕ್ ಎಂದು ಜೋರಾಗಿ ಕೇಳಿದರೆ ಒಳಗೆ ಕಾಯಿಲ್ ಅಲುಗದಂತೆ ಹಿಡಿಯುವ ಮೇಣ ಹಾಕಿಲ್ಲ, ಅಥವಾ ಸಾಲದು. ಮನೆಯಲ್ಲಿ ಮೆತ್ತಗೆ ನುಡಿಸುವವರಿಗೆ ಇದರಿಂದ ತೊಂದರೆಯಿಲ್ಲ. ಡ್ರಮ್ಸ್ ಪಕ್ಕ ನಿಂತು ನುಡಿಸುವವರು, ಗಿಟಾರೇ ಊಳಿಡುವ ಸ್ವಭಾವದ್ದಾದ್ದರಿಂದ, ಮೇಣ ತುಂಬಿದ್ದನ್ನೇ ಹುಡುಕಿ.